ಗಂಡನಲ್ಲಿ ಹುಡುಕಿದ ತಪ್ಪು

“ಈ ರವಿಕೆ ಕಣ ಯಾರದ್ದು?”

ಪ್ರಥಮ್ ಕಾಫಿ ಲೋಟವನ್ನು ತುಟಿಗೆ ಹಿಡಿದವನು ಹಾಗೆಯೇ ನಿಂತುಬಿಟ್ಟ. ಒಗೆಯುವ ಬಟ್ಟೆಗೆಂದು ಗಂಡನ ಬ್ಯಾಗನ್ನು ಬರಿದು ಮಾಡುತ್ತಿದ್ದ ಮಾಲವಿಕಾಳ ಕೈಯಲ್ಲಿ ಕೆಂಪಂಚಿನ ಹಸಿರು ಕಣವೊಂದು ತೂಗಾಡುತ್ತಿತ್ತು. ಎರಡು ವಾರಕ್ಕೊಮ್ಮೆ ಪರ್ತ್‌ನಿಂದ ಅಡಿಲೇಡಿಗೆ ಹಾರಿ ಬಂದು, ಶನಿವಾರ ಭಾನುವಾರ ಮನೆಯಲ್ಲಿದ್ದು, ಮತ್ತೆ ಹೊರಟುಹೋಗುವ ಗಂಡ ಅವನು. ರೈಲು ಮಾರ್ಗ ಹಾಕಿಸುವ ಸಿವಿಲ್ ಎಂಜಿನಿಯರು. ಅವನ ಬ್ಯಾಗಿನಲ್ಲಿ ಬೆವರಿನ ಅಂಗಿ, ಕೆಂಪು ಮಣ್ಣು ಹತ್ತಿದ ಕಾಲುಚೀಲ ಇರಬೇಕಾದ್ದು. ಹೆಂಗಸಿನ ರವಿಕೆ ಬಟ್ಟೆಗೆ ಅಲ್ಲೇನು ಕೆಲಸ?

“ಅದಾ... ಅದು ಗೀತಾ ಕೊಟ್ಟಿದ್ದು.”

“ಯಾವ ಗೀತಾ?”

ಗೊತ್ತಿದ್ದೇ ಕೇಳಿದಳು. ಪರ್ತ್‌ನ ಮೋರ್ಲಿಯಲ್ಲಿ ಪ್ರಥಮ್ ಬಾಡಿಗೆಗಿದ್ದ ಮನೆಯೊಡತಿ ಗೀತಾ. ಧಾರವಾಡದ ಕಡೆಯವಳು, ಡಿವೋರ್ಸ್ ಆಗಿ ಒಬ್ಬಳೇ ಇದ್ದವಳು. ಅಲ್ಲಿಯ ದೊಡ್ಡ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ಕೆಲಸ. ಹಿತ್ತಲಿನ ಚಿಕ್ಕ ಮನೆಯನ್ನು ಪ್ರಥಮ್‌ಗೆ ಕೊಟ್ಟಿದ್ದಳು. ಊಟ ತಿಂಡಿಯೂ ಅವಳದೇ. ಈ ಊಟದ ಏರ್ಪಾಡು ಗೊತ್ತಾದ ದಿನ ‘ಪಾಪ, ನಿಮಗೆ ಮನೆ ಊಟ ಸಿಕ್ಕಿತಲ್ಲ’ ಎಂದು ಸಂತೋಷಪಟ್ಟವಳೂ ಇದೇ ಮಾಲವಿಕಾ.

“ನಮ್ಮ ಓನರು. ನಿನಗೇ ಅಂತ ಕೊಟ್ಟಿದ್ದು ಮಾಲೂ. ಬರೀ ಕಣ ಅಲ್ಲ. ತೆಂಗಿನಕಾಯಿ, ಬಾಳೆಹಣ್ಣು, ಅಕ್ಕಿ ಎಲ್ಲ ಇತ್ತು. ಇಲ್ಲಿ ಏರ್‌ಪೋರ್ಟಲ್ಲಿ ಹಣ್ಣು ತರಬಾರ್ದು ಅಂತ ಬೋರ್ಡ್ ಹಾಕಿದಾರಲ್ಲ, ಆ ಬಿನ್ನಿಗೆ ಹಾಕ್ಬಿಟ್ಟೆ.”

“ಅಕ್ಕೀನೂ ಹಣ್ಣಾ?”

“ಯಾಕೆ ಬೇಕು ರಿಸ್ಕು ಅಂತ ಎಲ್ಲಾನೂ ಹಾಕ್ದೆ.”

“ಇದು ನನಗೇ ಅಂತಿದ್ರೆ ನಿನ್ನೆ ಬಂದ ತಕ್ಷಣ ಯಾಕೆ ಕೊಡ್ಲಿಲ್ಲ?”

“ಬರೀ ಕಣ ಹೇಗೆ ಕೊಡೋದು ಅಂತ ಯೋಚಿಸ್ತಿದ್ದೆ. ಆಮೇಲೆ ಮರ್ತೋಯ್ತು.”

ಸೋಫಾದಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದ ಅತ್ತೆ ಇಂದಿರಮ್ಮ ತಲೆಯೆತ್ತಲಿಲ್ಲ. “ಹೇಳ್ತಿದಾನಲ್ಲಮ್ಮ ಅವನು. ನನ್ನ ಮಗ ಯಾರನ್ನೂ ಕಣ್ಣೆತ್ತಿ ನೋಡೋನಲ್ಲ. ನೋಡಿದ್ದರೆ ಇನ್ನೂ ಒಳ್ಳೆ ಕಡೆಯ ಹೆಣ್ಣೇ ಸಿಗ್ತಿತ್ತು” ಎಂದರು. ತಟ್ಟೆಯಲ್ಲಿ ಟೋಸ್ಟ್ ಇಟ್ಟುಕೊಂಡು ಎಲ್ಲರ ಮುಖ ನೋಡುತ್ತಿದ್ದ ಮಗಳು ನಿಖಿತಾ, “ಅಮ್ಮಾ, ಇಟ್ಸ್ ಜಸ್ಟ್ ಅ ಪೀಸ್ ಆಫ್ ಕ್ಲಾತ್” ಎಂದಳು.

ನಂಬಲಾಗದ ಮಾತೇನೂ ಅಲ್ಲ ಅದು. ಪ್ರಥಮ್‌ನನ್ನು ಬಲ್ಲವರು ಯಾರೇ ಆಗಲಿ, ಈ ಮನುಷ್ಯ ಅಕ್ಕಿಯನ್ನೂ ಹಣ್ಣಿನ ಬಿನ್ನಿಗೆ ಹಾಕಿಯೇ ಹಾಕಿರುತ್ತಾನೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದರು. ನರಪಿಳ್ಳೆಯಿಲ್ಲದ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವನು, ಬೋರ್ಡು ಕಂಡರೆ ಚಪ್ಪಲಿ ಬಿಟ್ಟು ಕೈಮುಗಿಯುವಷ್ಟು ಸಾಧು. ಮಾಲವಿಕಾಳಿಗೂ ಅದು ಗೊತ್ತಿತ್ತು. ಗೊತ್ತಿದ್ದೂ ನಂಬಲಿಲ್ಲ. ಕಣವನ್ನು ನಾಲ್ಕು ಮಡಿಕೆ ಮಾಡಿ ಬೀರುವಿನಲ್ಲಿ ತನ್ನ ಸೀರೆಗಳ ಅಡಿಗೆ ತುರುಕಿದಳು. ಸಾಕ್ಷಿಯನ್ನು ಜೋಪಾನ ಮಾಡುವವರು ಹಾಗೆಯೇ ಮಾಡುವುದು.

ಅವಳ ಹತ್ತಿರ ಆಗಲೇ ಇಂಥ ಸಾಕ್ಷಿಗಳು ರಾಶಿಯಾಗಿದ್ದವು. ಪರ್ತ್‌ನಿಂದ ಬರುವ ಅಂಗಿಗಳಿಗೆ ಇಸ್ತ್ರಿ ಆಗಿರುತ್ತಿತ್ತು. ಕಿತ್ತುಹೋಗಿದ್ದ ಗುಂಡಿಯೊಂದು ಬೇರೆ ಬಣ್ಣದ ದಾರದಲ್ಲಿ ಮತ್ತೆ ಕೂತಿತ್ತು. ಅನ್ನ ಸಾರು ಬಿಟ್ಟರೆ ಲೋಕವೇ ಇಲ್ಲ ಎನ್ನುತ್ತಿದ್ದವನು ಈಗ ಶೇಂಗಾ ಚಟ್ನಿಪುಡಿಗೆ ಮೊಸರು ಕಲಸಿಕೊಂಡು ತಿನ್ನುತ್ತಿದ್ದ. ವಿಡಿಯೋ ಕಾಲ್ ಮಾಡಿದಾಗ ಅವನ ಹಿಂದಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳಿದರೆ ಮಾಲವಿಕಾಳ ಎದೆಯಲ್ಲೇ ಯಾರೋ ಬಡಿದಂತಾಗುತ್ತಿತ್ತು. “ಫೋನ್ ಸ್ವಲ್ಪ ಆಚೆ ತಿರುಗಿಸ್ರಿ, ಅಡುಗೆಮನೆ ಹೇಗಿದೆ ನೋಡೋಣ” ಎನ್ನುತ್ತಿದ್ದಳು. ಅವನು ಏನೂ ಅರಿಯದೆ ತಿರುಗಿಸುತ್ತಿದ್ದ. ಗೀತಾಳ ಬೆನ್ನು, ಜಡೆ, ಹಿಟ್ಟಿನ ಕೈ... ಅಷ್ಟೇ ಕಾಣುತ್ತಿತ್ತು. ಆ ಜಡೆಯ ಉದ್ದ ಮಾಲವಿಕಾಳಿಗೆ ಇಡೀ ದಿನ ಸಾಕಾಗುತ್ತಿತ್ತು.

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನ ದೊಡ್ಡ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದಳು ಅವಳು. ಬಿದ್ದು ಸೊಂಟ ಮುರಿದವರನ್ನು ಮತ್ತೆ ನಡೆಸುವ ಕೆಲಸ. ಅಲ್ಲಿ ಅವಳಂಥ ತಾಳ್ಮೆಯವರಿಲ್ಲ ಎಂದು ಹೆಸರಿತ್ತು. ಗಂಡನ ವಿಷಯಕ್ಕೆ ಬಂದರೆ ಮಾತ್ರ ಆ ತಾಳ್ಮೆ ಎಲ್ಲಿ ಹೋಗುತ್ತಿತ್ತೋ! ಮದುವೆಯಾದ ಹೊಸತರಲ್ಲಿ ಹೀಗಿರಲಿಲ್ಲ. ಮೈಸೂರಿನಿಂದ ಈ ದೇಶಕ್ಕೆ ಬಂದು, ಇಲ್ಲಿಯ ಪರೀಕ್ಷೆಗಳನ್ನು ಬರೆಯುತ್ತಾ ಅಳುತ್ತಿದ್ದ ದಿನಗಳಲ್ಲಿ ಪ್ರಥಮ್‌ನ ಮೌನ ಅವಳಿಗೆ ಆಸರೆಯಾಗಿತ್ತು. ‘ಎಷ್ಟು ನಿಧಾನಸ್ಥರು ನೀವು’ ಎಂದು ಅವನ ಹೆಗಲಿಗೊರಗುತ್ತಿದ್ದಳು. ಈಗ ಅದೇ ನಿಧಾನ ಮಂದಬುದ್ಧಿಯಂತೆ ಕಾಣುತ್ತಿತ್ತು, ಅದೇ ಮೌನದಲ್ಲಿ ಏನೋ ಬಚ್ಚಿಟ್ಟಂತೆ ಕೇಳುತ್ತಿತ್ತು. ಮನುಷ್ಯ ಅವನೇ. ನೋಡುವವಳಿಗೆ ಬೇಕಾದ್ದು ಬೇರೆಯಾಗಿತ್ತು.

ಏನು ಬೇಕಾಗಿತ್ತು ಅವಳಿಗೆ? ಬ್ರಿಸ್ಬೇನ್ ಬೇಕಾಗಿತ್ತು.

ಈ ಮಾತನ್ನು ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಕಾನ್ಫರೆನ್ಸ್ ಎಂದು ಮನೆಯಲ್ಲಿ ಹೇಳಿ ಬ್ರಿಸ್ಬೇನಿಗೆ ಹೋಗಿದ್ದಳು. ಅದು ಕಾನ್ಫರೆನ್ಸ್ ಆಗಿರದೆ ಇಂಟರ್‌ವ್ಯೂ ಆಗಿತ್ತು. ಹೊಸದಾಗಿ ಶುರುವಾಗುತ್ತಿದ್ದ ಪುನಶ್ಚೇತನ ಕೇಂದ್ರವೊಂದಕ್ಕೆ ಮುಖ್ಯಸ್ಥೆಯ ಹುದ್ದೆ. ಅಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದ ಉತ್ತಮ್, ಮೈಸೂರಿನ ಕಾಲೇಜಿನಲ್ಲಿ ಅವಳ ಸಹಪಾಠಿಯಾಗಿದ್ದವನು. ಇಂಟರ್‌ವ್ಯೂ ಮುಗಿದ ಮೇಲೆ ನದಿಯ ಫೆರ್ರಿಯಲ್ಲಿ ಕೂರಿಸಿಕೊಂಡು ಊರು ತೋರಿಸಿದ. “ನೀನು ಆಗಲೇ ಹೀಗೇ ಇದ್ದೆ ಮಾಲವಿಕಾ. ಕ್ಲಾಸಲ್ಲಿ ನೀನು ಎದ್ದು ನಿಂತ್ರೆ ನಾವೆಲ್ಲ ಕೂತ್ಕೊಳ್ತಿದ್ವಿ” ಎಂದ. ಅಷ್ಟು ಮಾತಿಗೆ ಅವಳ ಮುಖ ಇಡೀ ದಿನ ಬೆಚ್ಚಗಿತ್ತು. ತನ್ನನ್ನು ಯಾರೋ ಎತ್ತರದಲ್ಲಿಟ್ಟು ನೋಡಿ ಎಷ್ಟು ಕಾಲವಾಗಿತ್ತು!

ಕೆಲಸ ಅವಳಿಗೇ ಆಯಿತು. ಆದರೆ ಹೋಗುವುದು ಹೇಗೆ? ಅಡಿಲೇಡಿನ ಕೆಲಸವನ್ನು ಅವಳು ಬಿಡಬಾರದೆಂದೇ ಪ್ರಥಮ್ ಒಬ್ಬನೇ ಪರ್ತ್‌ಗೆ ಹೋಗಿದ್ದ. ಅಲ್ಲಿಯ ಕಾಮಗಾರಿ ಮುಗಿದರೆ ಅವನ ಕಂಪನಿ ಅಡಿಲೇಡಿನಲ್ಲೇ ಕಾಯಂ ಜಾಗ ಕೊಡುವುದಾಗಿ ಹೇಳಿತ್ತು. ಅಡಿಲೇಡಿನ ಕಡಲತಡಿ ಗ್ಲೆನೆಲ್ಗ್‌ನ ಈ ಮನೆಯ ಬಾಲ್ಕನಿಯಲ್ಲಿ ನಿಂತು ಸಮುದ್ರದೊಳಕ್ಕೆ ಚಾಚಿದ ಜೆಟ್ಟಿ ನೋಡುತ್ತಾ, “ಇನ್ನು ಸ್ವಲ್ಪ ದಿನ ಮಾಲೂ. ಆಮೇಲೆ ನಾವೆಲ್ಲ ಇಲ್ಲೇ” ಎನ್ನುತ್ತಿದ್ದ. ಅಂಥ ಗಂಡನಿಗೆ ‘ನಾನು ಹೊರಟೆ’ ಎನ್ನುವ ಹೆಂಡತಿ ಎಂಥವಳಾಗುತ್ತಾಳೆ? ಕೆಟ್ಟವಳಾಗುತ್ತಾಳೆ. ಆ ಗಂಡನೇ ಕೆಟ್ಟವನಾಗಿಬಿಟ್ಟರೆ? ಆಗ ಹೊರಟ ಹೆಂಡತಿಯ ಮೇಲೆ ಯಾವ ಮಾತೂ ಬರುವುದಿಲ್ಲ. ಮಾಲವಿಕಾ ಹೀಗೆ ಲೆಕ್ಕ ಹಾಕಿ ಅಸೂಯೆ ಪಟ್ಟಳೆಂದು ಹೇಳಿದರೆ ಅನ್ಯಾಯವಾದೀತು. ಅವಳ ಹೊಟ್ಟೆಯುರಿ ನಿಜವಾದದ್ದು, ಅವಳು ದಿಂಬಿಗೆ ಮುಖ ಒತ್ತಿ ಅತ್ತದ್ದೂ ನಿಜ. ಆದರೆ ಆ ಬೆಂಕಿಗೆ ಕಟ್ಟಿಗೆ ಒಟ್ಟುತ್ತಿದ್ದವಳು ಅವಳೇ.

ಬ್ರಿಸ್ಬೇನಿಗೆ ಉತ್ತರ ಕೊಡಬೇಕಾದ ದಿನ ಹತ್ತಿರವಾಯಿತು. ಗಂಡನ ತಪ್ಪನ್ನು ಕಣ್ಣಾರೆ ಕಂಡುಬಿಡಬೇಕೆಂದು, ಯಾರಿಗೂ ತಿಳಿಸದೆ ರಜೆ ಹಾಕಿ ಮಾಲವಿಕಾ ಪರ್ತ್‌ನ ವಿಮಾನ ಹತ್ತಿದಳು. ಅತ್ತೆಗೆ ಟ್ರೈನಿಂಗ್ ಎಂದಳು.

ಮೋರ್ಲಿಯ ಆ ಮನೆಯ ಮುಂದೆ ಟ್ಯಾಕ್ಸಿ ಇಳಿದಾಗ ಮಧ್ಯಾಹ್ನ. ಬಾಗಿಲು ತೆರೆಯುವವಳು ಮುದುಕಿಯಾಗಿರಲಿ, ಕುರೂಪಿಯಾಗಿರಲಿ ಎಂದು ಯಾವ ಹೆಂಡತಿಯಾದರೂ ಹಾರೈಸುತ್ತಿದ್ದಳು. ಮಾಲವಿಕಾಳ ಮನಸ್ಸು ಮಾತ್ರ ಅವಳು ಚೆಲುವೆಯಾಗಿರಲಿ ಎಂದು ಕಾಯುತ್ತಿತ್ತು. ಗೀತಾ ಚೆಲುವೆಯೇ. ಕಪ್ಪು ಮೈಬಣ್ಣ, ದೊಡ್ಡ ಕಣ್ಣು, ನಕ್ಕರೆ ಕೆನ್ನೆ ತುಂಬಿ ಬರುವ ಮುಖ.

“ಅಯ್ಯ, ನೀವು ಮಾಲವಿಕಾ ಅಲ್ಲೇನ್ರಿ? ಫೋಟೋದಾಗ ನೋಡೀನಿ. ಬರ್ರಿ, ಒಳಗ ಬರ್ರಿ. ಅವರು ಸೈಟಿಗೆ ಹೋಗ್ಯಾರ, ಇವತ್ತ ಲಗೂನ ಬರ್ತಾರ.”

ಕುಡಿಯಲು ನೀರು, ಬೆಲ್ಲ ತಂದಿಟ್ಟಳು. ಮಾಲವಿಕಾ ಮುಟ್ಟಲಿಲ್ಲ. ಮನೆಯನ್ನೆಲ್ಲಾ ಕಣ್ಣಿನಲ್ಲೇ ಜಾಲಾಡಿದಳು. ಗಂಡನ ಚಪ್ಪಲಿ ಹಿತ್ತಲ ಬಾಗಿಲಾಚೆ ಇತ್ತು. ಅವನ ತಟ್ಟೆ, ಅವನ ಲೋಟ ಬೇರೆಯಾಗಿ ಒಂದು ಮೂಲೆಯಲ್ಲಿ ಬೋರಲು ಹಾಕಿದ್ದವು. ಹುಡುಕಿದಷ್ಟೂ ಏನೂ ಸಿಗಲಿಲ್ಲ.

ಎದುರು ಕೂತ ಗೀತಾ ತಾನಾಗಿಯೇ ಕೇಳಿದಳು. “ಉಡಿ ಮುಟ್ಟಿತೇನ್ರಿ ನಿಮಗ? ಶ್ರಾವಣದಾಗ ಇವರ ಕೈಯಾಗ ಕಳಿಸಿದ್ದೆ. ಮನಿ ಹೆಣಮಗಳಿಗೆ ಉಡಿ ತುಂಬದ ಹಂಗ ಹೆಂಗ ಬಿಡೂದು ಅಂತ. ಕಾಯಿ ಛಲೋ ಇತ್ತಿಲ್ಲೋ?”

ಮಾಲವಿಕಾ ಮುಟ್ಟದ ನೀರಿನ ಲೋಟದ ಕಡೆ ಕಣ್ಣು ಹೊರಳಿಸಿದಳು. “ಕಾಯಿ... ಏರ್‌ಪೋರ್ಟಲ್ಲಿ ಬಿನ್ನಿಗೆ ಹಾಕ್ಬಿಟ್ರಂತೆ.”

“ಹೌದೇನ್ರಿ? ಬಾಳಿಹಣ್ಣು?”

“ಅದೂ.”

“ಅಕ್ಕಿ?”

“ಅಕ್ಕೀನೂ.”

ಗೀತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಅಕ್ಕಿ ಯಾಕ ಹಾಕಿದ್ರು? ಹಾಕಿರ್ತಾರ ಬಿಡ್ರಿ, ಅವರ ಸ್ವಭಾವನ ಹಂಗ.”

ಹಾಗಾದರೆ ಎಲ್ಲವೂ ನಿಜ. ಅವನು ಹೇಳಿದ ಒಂದೊಂದು ಮಾತೂ ನಿಜ. ಈಗ ಮಾಲವಿಕಾಳಿಗೆ ಹೋದ ಜೀವ ಬಂದಂತಾಗಬೇಕಿತ್ತು. ದೇವರ ದಯೆ ಎಂದು ನಿಟ್ಟುಸಿರು ಬಿಡಬೇಕಿತ್ತು. ಬಂದದ್ದು ನಿರಾಶೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬಂಥ, ನಾಚಿಕೆಗೆಟ್ಟ ನಿರಾಶೆ. ಒಂದು ಗಳಿಗೆ ಅದೇನೆಂದು ಅವಳಿಗೇ ತಿಳಿಯಲಿಲ್ಲ. ತಿಳಿದಾಗ ಕೂತಲ್ಲೇ ಕುಗ್ಗಿಹೋದಳು. ಅಯ್ಯೋ, ನನ್ನ ಗಂಡ ತಪ್ಪು ಮಾಡಿರಲಿ ಎಂದು ನಾನು ಹರಸಿಕೊಂಡು ಬಂದೆನೇ... ಎಂಥ ಹೆಂಗಸು ನಾನು!

ಆದರೂ ಕೊನೆಯ ಆಸೆ ಬಿಡಲಿಲ್ಲ. “ನಿಮಗೆ ಅವರ ಮೇಲೆ...” ಎಂದು ತೊದಲಿದಳು.

“ಕೇಳೂದಿದ್ರ ಪೂರಾ ಕೇಳ್ರಿ, ಸುಳ್ಳು ಹೇಳೂದಿಲ್ಲ.” ಗೀತಾಳ ನಗು ನಿಂತಿತ್ತು. “ಅವರು ಉಣ್ಣಾಕ ಕುಂತ್ರ ಮನಿ ತುಂಬಿದಂಗ ಆಗತೈತಿ ನನಗ. ಅಷ್ಟ. ಅವರಿಗೆ ಇದು ಗೊತ್ತಿಲ್ಲ, ಗೊತ್ತಾಗೂದೂ ಬ್ಯಾಡ. ಅವರ ಪಾಲಿಗೆ ನಾ ರೊಟ್ಟಿ ಮಾಡಾಕಿ. ಉಣ್ಕೋತ ಬರೇ ನಿಮ್ಮ ಸುದ್ದಿನ ಹೇಳ್ತಾರ. ನನ್ನ ಗಂಡ ಬಾಯಿ ತೆರದ್ರ ಬೈಗಳ. ಅದಕ್ಕ ಸುಮ್ಮನಿರೋ ಗಂಡಸು ನನಗ ದೇವರಂಗ ಕಾಣಸ್ತಾನ. ಅವರು ಖರೇನ ದೇವರೋ ಅಲ್ಲೋ, ಯಾರಿಗೆ ಗೊತ್ತು.”

ಎದ್ದು ಒಳಗೆ ಹೋಗಿ ಮೊರದಲ್ಲಿ ಅಕ್ಕಿ, ಕಾಯಿ, ಅರಿಶಿನದ ಕೊನೆ ತಂದಳು. ಆದರೆ ಹತ್ತಿರ ಬರದೆ ಅಲ್ಲೇ ನಿಂತಳು. “ಗಂಡನ್ನ ಬಿಟ್ಟಾಕಿ ನಾನು. ನಾ ತುಂಬಿದ್ರ ತಗೋತೀರೇನ್ರಿ? ಅದಕ್ಕ ಅವತ್ತ ಅವರ ಕೈಯಾಗ ಕಳಿಸಿದ್ದೆ. ಎದುರಿಗೆ ಯಾರರ ಒಲ್ಲೆ ಅಂದ್ರ ತಡಕೊಳ್ಳೂದು ಆಗೂದಿಲ್ಲ ನನಗ.”

ಈ ಹೆಂಗಸನ್ನು ಇಷ್ಟು ದಿನ ಮನಸ್ಸಿನಲ್ಲಿ ಏನೇನೆಲ್ಲ ಅಂದಿದ್ದಳು ಮಾಲವಿಕಾ. ಎದ್ದು ಸೆರಗೊಡ್ಡಿದಳು. ಗೀತಾ ಸುರಿದ ಅಕ್ಕಿಯ ಜೊತೆಗೆ ಅವಳ ಕಣ್ಣೀರೂ ಮಡಿಲಿಗೆ ಬಿತ್ತು.

ಸೈಟಿನಿಂದ ಬಂದ ಪ್ರಥಮ್ ಹಿತ್ತಲಲ್ಲಿ ಹೆಂಡತಿಯನ್ನು ಕಂಡು ಹೆಲ್ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. ಅವನ ಮುಖವನ್ನು ನೋಡಲಾಗಲಿಲ್ಲ ಅವಳಿಗೆ, ಅಷ್ಟು ಬೆಳಗುತ್ತಿತ್ತು.

“ನನ್ನ ನೋಡೋಕೆ ಅಂತ ಬಂದ್ಬಿಟ್ಯಾ ಮಾಲೂ? ಹೇಳ್ದೆ ಕೇಳ್ದೆ? ನಿಜ ಹೇಳ್ಲಾ, ಬೆಳಿಗ್ಗೆಯಿಂದ ನಿನ್ನೇ ನೆನಸ್ಕೊಳ್ತಿದ್ದೆ.”

ಅಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ಹೌದು ಎಂದು ಒಂದು ಮಾತು ಸಾಕಿತ್ತು. ಆದರೆ ಆ ಬೆಳಗುವ ಮುಖದೆದುರು ಇನ್ನೊಂದು ಸುಳ್ಳು ಅವಳ ಬಾಯಿಂದ ಹೊರಡಲಿಲ್ಲ. ಹಿತ್ತಲಿನ ಆ ಚಿಕ್ಕ ಮನೆಯಲ್ಲಿ, ಅವನ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಬ್ರಿಸ್ಬೇನಿನ ಕೆಲಸ, ಉತ್ತಮ್ ಆಡಿದ ಮಾತು, ಅದರಿಂದ ತನಗಾದ ಹಿಗ್ಗು, ಇಲ್ಲಿಗೆ ಬಂದ ಕಾರಣ.

“ನೀನು ಹಾಗೆಲ್ಲ ಯೋಚಿಸೋಳಲ್ಲ” ಎಂದ ಪ್ರಥಮ್. “ಆಸ್ಪತ್ರೇಲಿ ಕೆಲಸ ಜಾಸ್ತಿ ಆಗಿದೆ, ತಲೆ ಕೆಟ್ಟಿದೆ ಅಷ್ಟೆ. ನಿನ್ನ ನಾನು ನೋಡಿಲ್ವಾ?”

“ನೋಡಿಲ್ಲ ರೀ ನೀವು. ಇಷ್ಟು ದೂರ ಒಬ್ರೇ ಇರೋಕೆ ನಿಮಗೊಂದು ದೇವತೆ ಬೇಕಿತ್ತು, ನನ್ನನ್ನ ಮಾಡ್ಕೊಂಡ್ರಿ. ನನಗೆ ಹೊರಡೋಕೆ ಒಬ್ಬ ಕೆಟ್ಟ ಗಂಡ ಬೇಕಿತ್ತು, ನಿಮ್ಮನ್ನ ಮಾಡ್ಕೊಂಡೆ.”

ಅವನು ಹೆಲ್ಮೆಟ್ಟಿನ ಪಟ್ಟಿಯನ್ನು ಬಿಗಿ ಮಾಡುತ್ತಾ ಸಡಿಲಿಸುತ್ತಾ ಕೂತಿದ್ದ. ಆಮೇಲೆ ಕೇಳಿದ. “ನಾನು ತಪ್ಪು ಮಾಡಿಲ್ಲ ಅಂತ ಗೊತ್ತಾದಾಗ ಸಂತೋಷ ಆಯ್ತಾ ನಿನಗೆ?”

“ಇಲ್ಲ.”

ಆ ಒಂದು ಮಾತಿಗೆ ಅವನ ಮುಖದ ಬೆಳಕು ಆರಿಹೋಯಿತು. ಬೈಯಲಿಲ್ಲ, ಕೂಗಲಿಲ್ಲ. “ಬ್ರಿಸ್ಬೇನ್‌ಗೆ ಹೋಗು ಮಾಲೂ. ಅಮ್ಮನ್ನೂ ನಿಖಿತಾನೂ ಕರ್ಕೊಂಡ್ಹೋಗು. ಇಲ್ಲಿ ಕೆಲಸ ಮುಗಿದ ಮೇಲೆ ನಾನು ಬರ್ತೀನಿ” ಎಂದು ಎದ್ದು ಮುಖ ತೊಳೆಯಲು ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಬ್ರಿಸ್ಬೇನಿನಲ್ಲಿ ಮಾಲವಿಕಾ ಬಯಸಿದ್ದೆಲ್ಲ ಸಿಕ್ಕಿತು. ಕೇಂದ್ರ ಚೆನ್ನಾಗಿ ನಡೆಯಿತು. ಬೀದಿಯ ಜಕರಂಡಾ ಮರಗಳು ನೇರಳೆ ಹೂ ಬಿಟ್ಟವು. ಇಂದಿರಮ್ಮ ಹೊಸ ಊರನ್ನೂ ಸೊಸೆಯನ್ನೂ ಒಟ್ಟಿಗೆ ಶಪಿಸುತ್ತಾ ಒಗ್ಗಿಕೊಂಡರು. ಉತ್ತಮ್ ಹೆಂಡತಿಯೊಂದಿಗೆ ಬಂದು ಮನೆ ಜೋಡಿಸಲು ನೆರವಾದ. ಬೇಕಾದ್ದು ಕೈಸೇರಿದ ಮೇಲೆ ಉತ್ತಮ್ ಅವಳ ಕಣ್ಣಿಗೆ ಬರೀ ಉತ್ತಮ್ ಆಗಿ ಕಂಡ. ಮಾತು ಸ್ವಲ್ಪ ಜಾಸ್ತಿ, ತಾನು ಆಡುವ ಹೊಗಳಿಕೆಯನ್ನು ತಾನೇ ಕೇಳಿ ಹಿಗ್ಗುವ ಮನುಷ್ಯ. ಗಂಡ ಮಾತ್ರ ದಿನದಿನಕ್ಕೂ ಸ್ಪಷ್ಟವಾಗುತ್ತಾ ಹೋದ. ಅವನು ಯಾರ ಮೇಲೂ ಬೇಸರ ತೋರದೆ ಕಳೆದ ಒಂಟಿ ಸಂಜೆಗಳು, ತನಗೆ ಹಸಿವಿದ್ದರೂ ಮಗಳಿಗೆ ಮೊದಲು ಬಡಿಸುತ್ತಿದ್ದ ಕೈ... ಎಲ್ಲ ಈಗ ಕಂಡವು. ಅವನು ಬೇಕು ಎನಿಸಿತು. ಈಗ ಹುಟ್ಟಿದ ಅಸೂಯೆಗೆ ಯಾವ ಉಪಯೋಗವೂ ಇರಲಿಲ್ಲ, ಅದು ಬರೀ ಸುಟ್ಟಿತು. ಫೋನಿನಲ್ಲಿ ರೊಟ್ಟಿಯ ಸದ್ದು ಕೇಳಿದರೆ ಫೋನ್ ತಿರುಗಿಸಿ ಎನ್ನುತ್ತಿರಲಿಲ್ಲ. ಸುಮ್ಮನೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಪರ್ತ್‌ನ ಕಾಮಗಾರಿ ಮುಗಿಯಿತೆಂಬ ಸುದ್ದಿ ಬಂತು. ಆದರೆ ಪ್ರಥಮ್ ಅಲ್ಲೇ ಇನ್ನೊಂದು ಕೆಲಸ ಒಪ್ಪಿಕೊಂಡ. ಬ್ರಿಸ್ಬೇನಿಗೆ ಬರುವುದು ಅಪರೂಪವಾಯಿತು. ಬಂದಾಗಲೂ ಮೊದಲಿನಂತೆ ಇರಲಿಲ್ಲ. ಸಿಂಕಿನಲ್ಲಿದ್ದ ಕಾಫಿ ಲೋಟಗಳ ಕಡೆ ನೋಡುತ್ತಿದ್ದ. “ಯಾರು ಬಂದಿದ್ರು?” ಎನ್ನುತ್ತಿದ್ದ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಉತ್ತಮ್ ಅಂಕಲ್ ಬರ್ತಿರ್ತಾರಾ ಪುಟ್ಟಿ?” ಎಂದು ಮೆತ್ತಗೆ ಕೇಳುತ್ತಿದ್ದ.

“ಸಮ್‌ಟೈಮ್ಸ್. ಆಂಟಿ ಕೂಡ ಬರ್ತಾರೆ” ಎಂದಿದ್ದಳು ನಿಖಿತಾ. ಆಂಟಿ ಎಂಬ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲ ಮೂಲೆಯಲ್ಲಿ ಗಂಡಸರ ಕೊಡೆಯೊಂದು ಅವನ ಕಣ್ಣಿಗೆ ಬಿತ್ತು. ಹಿಂದಿನ ದಿನ ಮಳೆಯಲ್ಲಿ ಉತ್ತಮ್ ದಂಪತಿ ಬಂದು ಮರೆತು ಹೋದದ್ದು. ಪ್ರಥಮ್ ಅದನ್ನೆತ್ತಿ ಹಿಡಿದ. “ಇದು ಯಾರದ್ದು?”

ಮಾಲವಿಕಾ ದೋಸೆ ಹೊಯ್ಯುತ್ತಿದ್ದವಳು ತಿರುಗಿ ನೋಡಿದಳು. ಅವನ ಮುಖದಲ್ಲಿ ಸಿಟ್ಟಿತ್ತು. ಆ ಸಿಟ್ಟಿನ ಹಿಂದೆ ಇನ್ನೊಂದಿತ್ತು, ಸಿಕ್ಕಿತಲ್ಲ ಎಂಬ ಸಮಾಧಾನ. ಬೇರೆ ಹೆಂಡತಿಯಾಗಿದ್ದರೆ ಸಿಟ್ಟನ್ನಷ್ಟೇ ಕಂಡು ಉರಿದುಬೀಳುತ್ತಿದ್ದಳು, ಆಣೆ ಪ್ರಮಾಣ ಮಾಡುತ್ತಿದ್ದಳು. ಮಾಲವಿಕಾಳಿಗೆ ಆ ಸಮಾಧಾನದ ಪರಿಚಯವಿತ್ತು. ತಾನೇ ಅದನ್ನು ಎದೆಯಲ್ಲಿಟ್ಟುಕೊಂಡು ವಿಮಾನ ಹತ್ತಿದವಳಲ್ಲವೇ? ಒಲೆ ಆರಿಸಿ, ಅವನನ್ನು ಬಾಲ್ಕನಿಗೆ ಕರೆದಳು.

“ಉತ್ತಮ್‌ದು. ಅವನೂ ಅವನ ಹೆಂಡತೀನೂ ಬಂದಿದ್ರು. ನಂಬ್ತೀರಾ?”

“ಹೇಗೆ ನಂಬ್ಲಿ? ನೀನೇ ಹೇಳಿದ್ದೆ, ಅವನು ಹೊಗಳಿದ್ದಕ್ಕೆ ಖುಷಿ ಆಯ್ತು ಅಂತ.”

“ಹೇಳಿದ್ದೆ. ಅದಕ್ಕಿಂತ ಮುಂದೆ ಏನೂ ಇಲ್ಲ ಅಂತ ನಿಮಗೂ ಗೊತ್ತು.” ಅವನಿನ್ನೂ ಹಿಡಿದೇ ಇದ್ದ ಕೊಡೆಯನ್ನು ನೋಡಿದಳು. “ರೀ... ನಾನು ಕೆಟ್ಟವಳು ಅಂತ ಆದ್ರೆ ನಿಮಗೆ ಏನು ಸುಲಭ ಆಗುತ್ತೆ?”

ಪ್ರಥಮ್ ಕೊಡೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಮತ್ತೆ ಎತ್ತಿ ಒರಗಿಸಿದ.

“ಗೀತಾ?” ಎಂದಳು ಮಾಲವಿಕಾ.

“ಏನೂ ನಡೆದಿಲ್ಲ ಮಾಲೂ. ಆಣೆ ಮಾಡ್ತೀನಿ.”

“ಬೇಡ, ನಂಬ್ತೀನಿ. ನಡೆದಿರೋದನ್ನ ಕೇಳ್ಲಿಲ್ಲ ನಾನು, ಮನಸ್ಸಲ್ಲಿರೋದನ್ನ ಕೇಳ್ದೆ.”

ಅವನ ಕಣ್ಣು ತುಂಬಿ ಬಂತು. “ಅವತ್ತು ಇಲ್ಲ ಅಂದ್ಯಲ್ಲ, ನಾನು ಒಳ್ಳೆಯವನು ಅಂತ ಗೊತ್ತಾದಾಗ ಸಂತೋಷ ಆಗ್ಲಿಲ್ಲ ಅಂತ... ಆಮೇಲೆ ನಿನ್ನ ಮುಂದೆ ಹೇಗಿರ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ಅಲ್ಲಿ ಊಟಕ್ಕೆ ಕೂತ್ರೆ ನಾನು ನಗ್ತೀನಿ ಮಾಲೂ. ಕಾರಣ ಇಲ್ಲದೇನೇ ನಗ್ತೀನಿ. ಅದು ನಂಗೇ ಭಯ ಆಗುತ್ತೆ.”

ಇದನ್ನು ಕೇಳಬಾರದೆಂದೇ ಇಷ್ಟು ದಿನ ಅವಳು ಕಣ್ಣು ಮುಚ್ಚಿಕೊಂಡದ್ದು. ಮಾಲವಿಕಾಳಿಗೆ ಅವನ ಕಾಲು ಹಿಡಿಯಬೇಕೆನಿಸಿತು, ಆ ಉದ್ದ ಜಡೆಯನ್ನು ಹಿಡಿದೆಳೆದು ಬೀದಿಗೆ ಹಾಕಬೇಕೆನಿಸಿತು. ಎರಡನ್ನೂ ನುಂಗಿಕೊಂಡಳು.

“ಇರಿ ಅಂತಲೇ ಹೇಳ್ತೀನಿ ನಾನು. ಇರಬೇಕು ಅಂತಲೇ ಆಸೆ. ಈಗ್ಲಾದ್ರೂ ನೀವು ಏನು ಅಂತ ನಂಗೆ ಕಾಣಿಸ್ತಿದೆ” ಎಂದಳು. “ಆದ್ರೆ ಹೋಗ್ಲೇಬೇಕು ಅನ್ನಿಸಿದ್ರೆ ಹೋಗಿ. ನನ್ನನ್ನ ಕೆಟ್ಟವಳು ಮಾಡ್ಕೊಂಡು ಮಾತ್ರ ಹೋಗ್ಬೇಡಿ. ನಾನು ಅದನ್ನ ಮಾಡ್ನೋಡಿದೀನಿ. ಹೋದ ಕಡೆ ನೆಮ್ಮದಿ ಇರಲ್ಲ.”

ಅವನು ಮಗುವಿನಂತೆ ಬಿಕ್ಕಿದ. ಅವಳು ಅವನ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡಳು. ಮದುವೆಯಾದಾಗಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಇಷ್ಟು ಹತ್ತಿರವಾಗಿ ಕೂತದ್ದೇ ಇಲ್ಲ. ಅವನು ಹೋಗುತ್ತಾನೆಂದು ಅವಳಿಗೆ ಆ ಹಿಡಿತದಲ್ಲೇ ತಿಳಿದುಹೋಯಿತು.

ಅಂದು ಮಧ್ಯಾಹ್ನವೇ ಹೊರಟ. ಮಗಳನ್ನು ಬಿಗಿದಪ್ಪಿ, ಅಮ್ಮನ ಕಾಲಿಗೆ ನಮಸ್ಕರಿಸಿ, ಟ್ಯಾಕ್ಸಿ ಹತ್ತಿದ. ತಾಯಿಗೆ ತಿಳಿಯದಿರುತ್ತದೆಯೇ? ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಇಂದಿರಮ್ಮ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು.

“ಇವನು ಮತ್ತೆ ಬರೋ ಹಾಗೆ ಹೋಗ್ಲಿಲ್ಲ. ಏನಾಯ್ತೇ? ನನ್ನ ಮಗ ಏನು ಮಾಡ್ದ?”

ಮಾಲವಿಕಾ ಅತ್ತೆಯ ಮುಖ ನೋಡಿದಳು. ನಿಮ್ಮ ಮಗ ಇನ್ನೊಬ್ಬಳ ಮನೆಯಲ್ಲಿ ನಗುತ್ತಾನೆ ಎಂದು ಹೇಳಲು ನಾಲಗೆ ತುದಿಗೆ ಬಂದಿತ್ತು. ಇಷ್ಟು ವರ್ಷ ಚುಚ್ಚಿದ ಮಾತುಗಳಿಗೆಲ್ಲ ಒಂದೇ ಏಟಿಗೆ ಉತ್ತರವಾಗುತ್ತಿತ್ತು. ಆದರೆ ಭಾಷೆ ಬಾರದ ಈ ದೇಶದಲ್ಲಿ ಆ ಮುದುಕಿಯ ಹತ್ತಿರ ಇದ್ದದ್ದು ಒಂದೇ ಆಸ್ತಿ, ತನ್ನ ಮಗ ಅಪರಂಜಿಯೆಂಬ ನಂಬಿಕೆ. ಅದನ್ನೂ ಕಿತ್ತುಕೊಂಡರೆ ಇವರಿಗೆ ಉಳಿಯುವುದೇನು?

“ಅವರು ಏನೂ ಮಾಡ್ಲಿಲ್ಲ ಅತ್ತೆ. ನಾನೇ ಹೋಗಿ ಅಂದೆ.”

ಇಂದಿರಮ್ಮ ಚೌಕಟ್ಟನ್ನು ಬಿಟ್ಟು ನೆಟ್ಟಗಾದರು. “ನಂಗೆ ಗೊತ್ತಿತ್ತು” ಎಂದರು. “ಮೊದಲ ದಿನವೇ ಗೊತ್ತಿತ್ತು, ನೀನು ನನ್ನ ಮಗನ್ನ ಬಾಳಿಸೋಳಲ್ಲ ಅಂತ.” ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ಸೊಸೆಯನ್ನು ಬಾಯಿ ತುಂಬಾ ಬೈಯತೊಡಗಿದರು.

ಮಾಲವಿಕಾ ಅಡುಗೆಮನೆಗೆ ಬಂದು ಆರಿದ ಒಲೆಯನ್ನು ಮತ್ತೆ ಹಚ್ಚಿದಳು. ನಿಖಿತಾ ಅವಳ ಹಿಂದೆಯೇ ಬಂದು ನಿಂತಳು. ಮಗುವಿನ ಮುಖ ಕೆಂಪಾಗಿತ್ತು.

“ಅಮ್ಮಾ, ದಟ್ಸ್ ನಾಟ್ ಟ್ರೂ. ನೀನು ಇರಿ ಅಂತ ಹೇಳಿದ್ದು. ಐ ಹರ್ಡ್ ಯು. ಅಜ್ಜಿಗೆ ಹೇಳ್ಲಾ?”

ಮಾಲವಿಕಾ ಮಗಳನ್ನು ಬಳಿಗೆಳೆದುಕೊಂಡಳು. ಹೊರಗೆ ಇಂದಿರಮ್ಮನ ಬೈಗುಳ ನಡೆದೇ ಇತ್ತು.

“ಬೇಡ ಪುಟ್ಟಿ. ಅಜ್ಜಿ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಊಟ ಮಾಡ್ಲಿ” ಎಂದು ತಟ್ಟೆ ತೆಗೆದುಕೊಂಡಳು.